ಸಾತ್ವಿಕಾ ಬೆಳ್ತಂಗಡಿ ಯಾವ ಕಡೆ?

ಕಾಲೇಜಿನ ಸಂಚಾಲಕ ರಂಜಿತ್ ಅವರಿಗೆ ಒಂದು ಅಭ್ಯಾಸ. ಯಾರನ್ನು ಕೋಣೆಗೆ ಕರೆಸಿದರೂ ಮೊದಲು ಮನೆಯವರ ಆರೋಗ್ಯ ವಿಚಾರಿಸುತ್ತಿದ್ದರು. ಆ ದಿನ ರಾಜ್ಯಶಾಸ್ತ್ರದ ಅಧ್ಯಾಪಕ ಇಹ್ಸಾನ್‌ನ ತಾಯಿಯ ಮಂಡಿನೋವು, ಹೆಂಡತಿ ಮುರ್ಶಿದಾಳ ಬಿ.ಎಡ್. ಪರೀಕ್ಷೆ ಎಲ್ಲ ಕೇಳಿಯಾದ ಮೇಲೆ ವಿಷಯಕ್ಕೆ ಬಂದರು.

“ವಾರ್ಷಿಕೋತ್ಸವಕ್ಕೆ ಸಾತ್ವಿಕಾ ಬೆಳ್ತಂಗಡಿಯವರನ್ನು ಕರೆಯುವ ಅಂತ ಜ್ಯೋತ್ಸ್ನಾ ಮೇಡಂ ಹೇಳ್ತಿದ್ದಾರೆ. ಫೋನ್ ಕೂಡ ಮಾಡಿಯಾಗಿದೆಯಂತೆ. ಮಕ್ಕಳಿಗೆ ಖುಷಿ, ನನಗೂ ಬೇಡ ಅಂತ ಇಲ್ಲ. ಆದರೆ ಈಗಿನ ಕಾಲ ನಿಮಗೆ ಗೊತ್ತುಂಟಲ್ಲ ಸರ್. ಯಾರನ್ನು ಕರೆದರೂ ಇವರು ಆ ಪಕ್ಷ, ಈ ಪಕ್ಷ ಅಂತ ಗಲಾಟೆ.”

“ಹೌದು ಸರ್.”

“ಅವರು ಯಾವ ಕಡೆ ಅಂತ ಸ್ವಲ್ಪ ನೋಡಿ ಹೇಳ್ತೀರಾ? ಎಲ್ಲ ಪಬ್ಲಿಕ್ಕಿನಲ್ಲೇ ಉಂಟು, ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು. ನೀವು ರಾಜ್ಯಶಾಸ್ತ್ರದವರು. ಮತ್ತೆ, ನೀವು ಹೇಳಿದರೆ ಯಾರೂ ಪ್ರಶ್ನೆ ಮಾಡುವುದಿಲ್ಲ.”

ಕೊನೆಯ ಮಾತಿನ ಅರ್ಥ ಇಹ್ಸಾನ್‌ಗೆ ಆಗಲೇ ಆಗಿತ್ತು. ಮೂಡುಬಿದಿರೆಯ ಆ ಕಾಲೇಜಿನ ಬೋಧಕರಲ್ಲಿ ಮುಸ್ಲಿಮನೆಂದರೆ ಅವನೊಬ್ಬನೇ. ಅರ್ಥವಾಗದವನಂತೆ ತಲೆಯಾಡಿಸಿ ಹೊರಗೆ ಬಂದ.

ಅವನಿಂದ ಯಾವ ತಕರಾರೂ ಇಲ್ಲ ಎಂದು ಕಾಲೇಜಿನಲ್ಲಿ ಹೆಸರಿತ್ತು. ಆ ಹೆಸರನ್ನು ಅವನು ಕಷ್ಟಪಟ್ಟೇ ಸಂಪಾದಿಸಿದ್ದ. ವಾಟ್ಸ್‌ಆಪ್‌ನಲ್ಲಿ ಸ್ಟೇಟಸ್ ಹಾಕುತ್ತಿರಲಿಲ್ಲ. ಸ್ಟಾಫ್ ಗ್ರೂಪಿನಲ್ಲಿ ಚರ್ಚೆ ಬಿಸಿಯಾದರೆ ಫೋನನ್ನು ಚೀಲದಲ್ಲಿಟ್ಟು ಬಿಡುತ್ತಿದ್ದ. ಸಮ್ಮಿಶ್ರ ಸರಕಾರದ ಪಾಠಕ್ಕೆ ಇಟಲಿಯ ಉದಾಹರಣೆ ಕೊಡುತ್ತಿದ್ದನೇ ಹೊರತು ಕರ್ನಾಟಕದ್ದಲ್ಲ. ಮಕ್ಕಳು ನಗುತ್ತಿದ್ದರು, “ಇಟಲಿ ಸರ್” ಎಂದು ಅಡ್ಡಹೆಸರೂ ಇಟ್ಟಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ.

ಸಾತ್ವಿಕಾಳನ್ನು ಕರಾವಳಿಯಲ್ಲಿ ಗುರುತಿಸದವರು ಕಡಿಮೆ. ತುಳು ನಾಟಕಗಳಲ್ಲಿ ಸಣ್ಣಪುಟ್ಟ ಹಾಸ್ಯಪಾತ್ರ ಮಾಡುತ್ತಿದ್ದವಳು, ಆಮೇಲೆ ಮನೆಯಂಗಳದಲ್ಲೇ ಮೊಬೈಲ್ ಇಟ್ಟು ವಿಡಿಯೊ ಮಾಡತೊಡಗಿದಳು. ಚಿಲ್ಲರೆಗಾಗಿ ಜಗಳಾಡುವ ಬಸ್ ಕಂಡಕ್ಟರ್, ಮದುವೆ ಹಾಲ್‌ನಲ್ಲಿ ಐಸ್‌ಕ್ರೀಮಿಗೆ ಎರಡನೇ ಸಲ ನಿಲ್ಲುವ ಅತ್ತೆ, ಪಂಚಾಯತಿನಲ್ಲಿ ಸಹಿ ಹಾಕಲು ಪೆನ್ನು ಹುಡುಕುವ ಅಧಿಕಾರಿ, ಎಲ್ಲವೂ ಅವಳೇ. ದುಬೈಯಲ್ಲೂ ಅವಳ ಕಾರ್ಯಕ್ರಮಗಳಾಗುತ್ತಿದ್ದವು.

ಬಂಟ್ವಾಳದ ಪಕ್ಕದ ಪಾಣೆಮಂಗಳೂರಿನ ಮನೆಯಿಂದ ಕಾಲೇಜಿಗೆ ಹೋಗಿಬರುವ ಬಸ್ಸಿನಲ್ಲಿ ಇಹ್ಸಾನ್ ಅವಳ ಪೋಸ್ಟುಗಳನ್ನು ಒಂದೊಂದಾಗಿ ನೋಡಿದ. ಒಂದು ದೇವಸ್ಥಾನದ ಬ್ರಹ್ಮಕಲಶೋತ್ಸವದಲ್ಲಿ ಕೇಸರಿ ಶಾಲು ಹೊದ್ದು ಶಾಸಕರ ಪಕ್ಕ ನಿಂತಿದ್ದಳು. ಸ್ವಲ್ಪ ಕೆಳಗೆ ಹೋದರೆ, ಅದೇ ಶಾಸಕರ ಎದುರು ಚುನಾವಣೆಗೆ ನಿಂತವರ ಮಗಳ ಮದುವೆಯಲ್ಲಿ ಊಟಕ್ಕೆ ಕೂತಿದ್ದಳು. ಒಂದು ಇಫ್ತಾರ್ ಕೂಟದಲ್ಲಿ ತಲೆಗೆ ಸೆರಗು ಹಾಕಿಕೊಂಡು ಖರ್ಜೂರ ತಿನ್ನುತ್ತಿದ್ದಳು. ರಸ್ತೆಯ ಗುಂಡಿಯ ಬಗ್ಗೆ ಅವಳು ಮಾಡಿದ ವಿಡಿಯೊವನ್ನು ಒಂದು ಸರಕಾರ ಇದ್ದಾಗ ಒಂದು ಪಕ್ಷದವರು ಹಂಚಿದ್ದರು. ಸರಕಾರ ಬದಲಾದ ಮೇಲೆ ಅದನ್ನೇ ಇನ್ನೊಂದು ಪಕ್ಷದವರು ಹಂಚಿದ್ದರು. ಗುಂಡಿ ಮಾತ್ರ ಅದೇ. ಮತ ಹಾಕಿ ಬಂದು ಬೆರಳಿನ ಶಾಯಿ ತೋರಿಸುತ್ತ, “ಯಾರಿಗೆ ಹಾಕಿದ್ದು ಅಂತ ನಾನು ಅಮ್ಮನಿಗೆ ಹೇಳಿಲ್ಲ, ಅಮ್ಮ ನನಗೆ ಹೇಳಿಲ್ಲ, ಹಾಗಾಗಿ ಮನೆಯಲ್ಲಿ ಶಾಂತಿ ಉಂಟು” ಎಂದಿದ್ದಳು. ಬಸ್ಸು ಸಿದ್ಧಕಟ್ಟೆ ದಾಟುತ್ತಿರುವಾಗ ಇಹ್ಸಾನ್ ತನ್ನಷ್ಟಕ್ಕೇ ನಕ್ಕ. ಇಷ್ಟರಿಂದ ಯಾರ ಪಕ್ಷವನ್ನೂ ಹೇಳಲು ಬರುವುದಿಲ್ಲ. ಅವನ ವಿದ್ಯಾರ್ಥಿಯೊಬ್ಬ ಹಾಗೆ ಹೇಳಿ ಉತ್ತರ ಬರೆದಿದ್ದರೆ ಅವನು ಅಂಕ ಕಳೆಯುತ್ತಿದ್ದ.

ಆದರೆ ಇನ್ನೂ ಹಿಂದಕ್ಕೆ ಹೋದರೆ ಇರುವ ಒಂದು ವಿಡಿಯೊ ಅವನಿಗೆ ಗೊತ್ತಿತ್ತು. ಅದನ್ನು ಬಸ್ಸಿನಲ್ಲಿ ನೋಡಲಿಲ್ಲ. ಆದಿತ್ಯವಾರ ಮಧ್ಯಾಹ್ನ ಮನೆಯಲ್ಲಿ, ಧ್ವನಿ ತಗ್ಗಿಸಿ ತೆರೆದ.

ಕೆಲವು ವರ್ಷಗಳ ಹಿಂದಿನ ಮಾತು. ಇಹ್ಸಾನ್‌ನ ತಮ್ಮ ಫಾಝಿಲ್ ಆಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಹಪಾಠಿ ಹುಡುಗಿಯೊಬ್ಬಳು ಅವನಿಂದ ಪಡೆದಿದ್ದ ಪಾಠದ ಜೆರಾಕ್ಸ್ ಪ್ರತಿಗಳನ್ನು ಹಿಂದಿರುಗಿಸುತ್ತಿದ್ದಳು. ಕೆಲವರು ಬಂದು ಸುತ್ತುವರಿದು ಇಬ್ಬರ ಹೆಸರು ಕೇಳಿದರು. ಅವನ ಹೆಸರು ಒಂದು ಧರ್ಮದ್ದು, ಅವಳದು ಇನ್ನೊಂದರದ್ದು. ಕಾಲರ್ ಹಿಡಿದು ಎಳೆದಾಡಿದರು, ಕೆನ್ನೆಗೆ ಹೊಡೆದರು, ಎಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸಿ ಊರಿಗೆಲ್ಲ ಕಳಿಸಿದರು. ಮುಖ ಮಸುಕಾಗಿದ್ದರಿಂದ ಅವನೆಂದು ಮನೆಯವರಿಗೆ ಮತ್ತು ಹತ್ತಿರದವರಿಗೆ ಮಾತ್ರ ಗೊತ್ತಾಯಿತು. ಆಗ ಬದುಕಿದ್ದ ಉಪ್ಪ, ಅಂದರೆ ತಂದೆ ಅಬ್ದುಲ್ ಸಮದ್, “ದೂರು ಗೀರು ಬೇಡ. ಬಾಯಿ ಮುಚ್ಚಿ ಕೂತರೆ ಎಲ್ಲರೂ ಮರೆಯುತ್ತಾರೆ” ಎಂದರು. ಎಲ್ಲರೂ ಬಾಯಿ ಮುಚ್ಚಿ ಕೂತರು. ಪರೀಕ್ಷೆ ಮುಗಿದದ್ದೇ ಫಾಝಿಲ್ ಕೆಲಸ ಹುಡುಕಿಕೊಂಡು ಸೌದಿಯ ದಮ್ಮಾಮಿಗೆ ಹೋದ.

ಆಗ ಬಾಯಿ ತೆರೆದದ್ದು ಸಾತ್ವಿಕಾ ಒಬ್ಬಳೇ. ವಿಡಿಯೊದಲ್ಲಿ ಅವಳು ಕಂಡಕ್ಟರನ ಖಾಕಿ ಅಂಗಿಯಲ್ಲೇ ಇದ್ದಳು. “ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಮಾತಾಡಿದರಂತೆ ಮಾರಾಯ್ರೆ, ಊರೇ ಮುಳುಗಿ ಹೋಯಿತಂತೆ! ಇನ್ನು ಟಿಕೆಟ್ ಕೊಡುವ ಮೊದಲು ಜಾತಿ ಕೇಳಬೇಕಾ ನಾನು? ಎಡ ಸೀಟು ಅವರಿಗೆ, ಬಲ ಸೀಟು ಇವರಿಗೆ, ಡ್ರೈವರ್ ಎಲ್ಲಿ ಕೂರುವುದು?” ಹಾಗೆಯೇ ನಗಿಸುತ್ತ ಹೋಗಿ, ಕೊನೆಗೆ ಟೊಪ್ಪಿ ತೆಗೆದು, ನಗದೆ, “ಆ ಹುಡುಗನಿಗೆ ಹೊಡೆದದ್ದು ತಪ್ಪು. ನಮ್ಮ ಊರಿಗೆ ನಾಚಿಕೆ” ಎಂದಿದ್ದಳು. ಕೆಳಗೆ ಅವಳಿಗೆ ಬಿದ್ದ ಬೈಗುಳಗಳು ಇನ್ನೂ ಹಾಗೇ ಇದ್ದವು.

ಅಂದು ಇಹ್ಸಾನ್ ಆ ವಿಡಿಯೊಗೆ ಲೈಕ್ ಒತ್ತಿದ್ದ. ಊಟ ಮುಗಿಸಿ ಬರುವಷ್ಟರಲ್ಲಿ ಹೆದರಿಕೆಯಾಗಿ ತೆಗೆದಿದ್ದ. ಈಗ ಮತ್ತೊಮ್ಮೆ ನೋಡಿದ. ಇಲ್ಲ, ಅವನ ಹೆಸರು ಎಲ್ಲೂ ಇರಲಿಲ್ಲ. ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ಮುಖ ಬಿಸಿಯಾಯಿತು.

ಬಟ್ಟೆ ಮಡಚುತ್ತಿದ್ದ ಮುರ್ಶಿದಾ ಬಂದು ಇಣುಕಿದಳು. “ಸಾತ್ವಿಕಾಳದ್ದಾ? ಜೋರು ಮಾಡಿ, ನಾನೂ ಕೇಳ್ತೇನೆ.”

“ಕಾಲೇಜಿನ ಕೆಲಸ” ಎಂದು ಅವನು ಫೋನು ಕವುಚಿ ಹಾಕಿದ.

ಮರುದಿನ ಸಂಚಾಲಕರ ಕೋಣೆಯಲ್ಲಿ ಕನ್ನಡ ಅಧ್ಯಾಪಕಿ ಜ್ಯೋತ್ಸ್ನಾ ಕೂಡ ಇದ್ದಳು. ಸಾಂಸ್ಕೃತಿಕ ಕಾರ್ಯಕ್ರಮಗಳ ಹೊಣೆ ಅವಳದ್ದು. ದಾರಿಯುದ್ದಕ್ಕೂ ಇಹ್ಸಾನ್ ಒಂದೇ ಲೆಕ್ಕ ಹಾಕುತ್ತ ಬಂದಿದ್ದ. ಆ ವಿಡಿಯೊ ರಂಜಿತ್ ಅವರಿಗೆ ಗೊತ್ತಿರದೆ ಇರುತ್ತದೆಯೇ? ಗೊತ್ತಿದ್ದೇ ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ. ನಾನು ಅದನ್ನು ಬಿಟ್ಟು ಹೇಳಿದರೆ, ನೋಡಿ, ತಮ್ಮವರ ಪರ ಮಾತಾಡಿದವಳೆಂದು ಮುಚ್ಚಿಟ್ಟ ಎನ್ನುತ್ತಾರೆ.

“ಪಕ್ಷ ಇಂಥದ್ದೇ ಅಂತ ಹೇಳ್ಲಿಕ್ಕೆ ಆಧಾರ ಇಲ್ಲ ಸರ್. ಎಲ್ಲರ ಜೊತೆಯೂ ಇದ್ದಾರೆ” ಎಂದು ಶುರು ಮಾಡಿದ.

“ನಾನು ಹೇಳಲಿಲ್ವಾ?” ಎಂದು ಜ್ಯೋತ್ಸ್ನಾ ನಕ್ಕಳು.

“ಒಳ್ಳೆಯದಾಯಿತು. ಹಾಗಾದರೆ ಆಮಂತ್ರಣದ ಕಾಗದ ಪ್ರಿಂಟಿಗೆ ಕೊಡುವ” ಎಂದರು ರಂಜಿತ್.

ಅಲ್ಲಿಗೇ ನಿಲ್ಲಿಸಬಹುದಿತ್ತು. ಇಹ್ಸಾನ್‌ನ ಬಾಯಿ ನಿಲ್ಲಲಿಲ್ಲ. “ಆದರೆ ಒಂದು ವಿಡಿಯೊ ಉಂಟು. ಸೂಕ್ಷ್ಮ ವಿಷಯ. ಒಂದು ಕಡೆಗೆ ವಾಲಿದ ಹಾಗೆ ಕಾಣಬಹುದು ಅಂತ ನನಗೆ ಅನಿಸಿತು.”

“ಯಾವ ವಿಡಿಯೊ?”

ರಂಜಿತ್ ಅವರ ಮುಖದಲ್ಲಿ ನಿಜವಾದ ಕುತೂಹಲವಿತ್ತು. ಅವರಿಗೆ ಗೊತ್ತಿರಲಿಲ್ಲ. ಯಾವ ಪರೀಕ್ಷೆಯೂ ಇರಲಿಲ್ಲ. ಅದು ಅರ್ಥವಾಗುವ ಹೊತ್ತಿಗೆ ಇಹ್ಸಾನ್ ಫೋನು ತೆರೆದು ಮೇಜಿನ ಮೇಲೆ ಇಟ್ಟಾಗಿತ್ತು. ಅವರು ಪೂರ್ತಿ ನೋಡಿದರು. ಬೈಗುಳಗಳನ್ನೂ ಓದಿದರು.

“ಛೆ, ಇದು ಬೇಡ ಮಾರಾಯ್ರೆ. ನಾಳೆ ಯಾರಾದರೂ ಇದನ್ನು ಎತ್ತಿಕೊಂಡು ಗೇಟಿನ ಎದುರು ಕೂತರೆ ಎಂತ ಮಾಡುವುದು? ಒಳ್ಳೆಯದಾಯಿತು ಸರ್ ನೀವು ನೋಡಿದ್ದು.” ಮತ್ತೆ ಜ್ಯೋತ್ಸ್ನಾಳ ಕಡೆ ತಿರುಗಿದರು. “ಇಹ್ಸಾನ್ ಸರ್ ಅವರೇ ಹೇಳಿದ ಮೇಲೆ ಇನ್ನು ಮಾತಿಲ್ಲ. ಬೇರೆ ಯಾರನ್ನಾದರೂ ನೋಡುವ.”

“ನಾನು ಕರೆದಾಗಿದೆ ಸರ್. ಅವರು ಒಪ್ಪಿಯಾಗಿದೆ. ಈಗ ಬೇಡ ಅಂತ ಹೇಗೆ ಹೇಳುವುದು?”

“ಎಂತಾದರೂ ಕಾರಣ ಹೇಳಿ ಮೇಡಂ.”

ವರಾಂಡದಲ್ಲಿ ಜ್ಯೋತ್ಸ್ನಾ ಅವನ ಹಿಂದೆಯೇ ಬಂದಳು. ಜಗಳ ಮಾಡುತ್ತಾಳೆ ಎಂದುಕೊಂಡ, ಮಾಡಲಿಲ್ಲ. “ಆ ವಿಡಿಯೊದಲ್ಲಿ ಅವರು ಹೇಳಿದ ಹುಡುಗ ಯಾರು ಅಂತ ನಿಮಗೆ ಗೊತ್ತುಂಟಾ ಸರ್? ನಿಮ್ಮ ಕಡೆಯವನೇ ಅಲ್ವಾ, ಬಂಟ್ವಾಳದವ?”

“ಇಲ್ಲ” ಎಂದ ಇಹ್ಸಾನ್. “ಗೊತ್ತಿಲ್ಲ.”

“ಪಾಪ, ಯಾರ ಮಗನೋ ಏನೋ” ಎಂದು ಅವಳು ತರಗತಿಗೆ ಹೋದಳು.

ಮುಂದಿನ ಪಾಠದಲ್ಲಿ ಅವನು ಪುಸ್ತಕ ತೆರೆದು ಓದಿಸಿದ್ದಷ್ಟೇ.

ವಾರ್ಷಿಕೋತ್ಸವಕ್ಕೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬಂದು ಉಳಿತಾಯದ ಬಗ್ಗೆ ಮಾತಾಡಿದರು. ಹಿಂದಿನ ಸಾಲಿನ ಮಕ್ಕಳು ಎದ್ದುಹೋದರು. ಗಲಾಟೆ ಏನೂ ಆಗಲಿಲ್ಲ. ರಂಜಿತ್ ಅವರು ಅಂದು ಎಲ್ಲರೆದುರು ಇಹ್ಸಾನ್‌ನ ಕೈಕುಲುಕಿದರು.

ಮುಂದಿನ ತಿಂಗಳು ಫಾಝಿಲ್ ರಜೆಯಲ್ಲಿ ಬಂದ. ಅವನ ನಿಕಾಹ್ ನಿಶ್ಚಯವಾಗಿತ್ತು. ಹುಡುಗಿ ಮೂಡುಬಿದಿರೆ ಹತ್ತಿರದ ಪುತ್ತಿಗೆಯ ರಶೀನಾ. ಊರಲ್ಲಿ ಹೊರಗೆ ಹೆಚ್ಚು ಕಾಣಿಸಿಕೊಳ್ಳದಿದ್ದ ಹುಡುಗ ಈಗ ಗಡ್ಡ ಬಿಟ್ಟು, ದೊಡ್ಡ ಧ್ವನಿಯಲ್ಲಿ ಮಾತಾಡುತ್ತ, ಆಮಂತ್ರಣ ಪತ್ರಿಕೆಗಳನ್ನು ಹಿಡಿದು ಊರೆಲ್ಲ ಸುತ್ತಿದ. ಒಂದು ಬೆಳಿಗ್ಗೆ ಬಾಡಿಗೆ ಕಾರು ತಂದು ನಿಲ್ಲಿಸಿ ಅಣ್ಣನನ್ನು ಕರೆದ. ಅಣ್ಣನಿಗೆ ಅವನು ‘ಕಾಕ’ ಎನ್ನುವುದು ರೂಢಿ.

“ಕಾಕ, ಬೆಳ್ತಂಗಡಿಗೆ ಹೋಗುವ. ಸಾತ್ವಿಕಾ ಅಕ್ಕನಿಗೆ ಮದುವೆ ಕಾಗದ ಕೊಡ್ಲಿಕ್ಕುಂಟು.”

ಇಹ್ಸಾನ್ ಮೆಟ್ಟಿಲಲ್ಲೇ ನಿಂತ. “ನಿನಗೆ ಅವರ ಪರಿಚಯ ಉಂಟಾ?”

“ಆವಾಗಲೇ ಮೆಸೇಜ್ ಮಾಡಿದ್ದೆ, ಅದು ನಾನೇ ಅಂತ. ಆಮೇಲೆ ಪ್ರತಿ ಹಬ್ಬಕ್ಕೂ ಅವರೇ ಮೆಸೇಜ್ ಮಾಡ್ತಾರೆ. ಅವರ ಆ ವಿಡಿಯೊ ಇಲ್ಲದಿದ್ದರೆ ನಾನು ಆ ವರ್ಷ ಪರೀಕ್ಷೆ ಬರೀತಿರಲಿಲ್ಲ ಕಾಕ. ಊರಲ್ಲಿ ಒಬ್ಬರಾದರೂ ತಪ್ಪು ಅಂತ ಹೇಳಿದರಲ್ಲ.” ಒಳಗಿನಿಂದ ತಾಯಿ ಜೈನಬಮ್ಮ, “ಹಿರಿಯವ ಜೊತೆಯಲ್ಲಿದ್ದರೆ ಮರ್ಯಾದೆ. ಹೋಗು ಇಹ್ಸಾನ್” ಎಂದರು. ತಲೆನೋವೆಂದು ಹೇಳಬಹುದಿತ್ತು. ಅಂಗಿ ಬದಲಿಸಿ ಕಾರು ಹತ್ತಿದ.

ಸಾತ್ವಿಕಾಳ ಮನೆ ಪೇಟೆಯಿಂದ ಸ್ವಲ್ಪ ಒಳಗೆ. ಅವಳು ನೈಟಿಯ ಮೇಲೆ ಬೈರಾಸು ಟವೆಲು ಹಾಕಿಕೊಂಡು ಅಂಗಳದಲ್ಲಿ ಗಿಡಗಳಿಗೆ ನೀರು ಬಿಡುತ್ತಿದ್ದಳು. ಫಾಝಿಲ್‌ನನ್ನು ಕಂಡದ್ದೇ ಪೈಪು ಬಿಟ್ಟು ಓಡಿ ಬಂದಳು. ವಿಡಿಯೊಗಳಲ್ಲಿ ಕಾಣುವುದಕ್ಕಿಂತ ಗಿಡ್ಡವಾಗಿದ್ದಳು, ದಣಿದವಳಂತೆಯೂ ಇದ್ದಳು.

“ಅಕ್ಕ, ಇವರು ನನ್ನ ಅಣ್ಣ. ಇಹ್ಸಾನ್ ಅಂತ. ಮೂಡಬಿದ್ರೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಮೇಷ್ಟ್ರು.”

ಸಾತ್ವಿಕಾ ಅವನ ಮುಖವನ್ನು ನೋಡಿದಳು. ನಗು ಹಾಗೇ ಇತ್ತು, ಕಣ್ಣು ಮಾತ್ರ ಒಂದು ಸಲ ಫಾಝಿಲ್‌ನ ಕಡೆ ಹೋಗಿ ತಿರುಗಿ ಬಂತು.

“ಹೆಸರು ಗೊತ್ತುಂಟು. ಜ್ಯೋತ್ಸ್ನಾ ಮೇಡಂ ಹೇಳಿದ್ದಾರೆ” ಎಂದಳು. ಜಗಲಿಯ ಕುರ್ಚಿ ತೋರಿಸಿ, “ಕೂತುಕೊಳ್ಳಿ ಸರ್” ಎಂದಳು.

ಅವಳ ತಾಯಿ ಕಾಂತಿ ನೀರು ಬೆಲ್ಲ ತಂದಿಟ್ಟರು. “ಮೂಡಬಿದ್ರೆಯ ಕಾಲೇಜಾ? ಇವಳನ್ನು ಕರೆದು, ಮತ್ತೆ ಬೇಡ ಅಂದ್ರಲ್ಲ, ಅದೇ ಕಾಲೇಜಾ? ಯಾರೋ ಮೇಷ್ಟ್ರು ಕೂತು ಇವಳ ಎಲ್ಲ ವಿಡಿಯೊ ನೋಡಿ...”

“ಅಮ್ಮ, ಚಾ ಮಾಡು” ಎಂದಳು ಸಾತ್ವಿಕಾ.

“ಅಲ್ಲ, ನಾನು ಕೇಳಿದ್ದು...”

“ಚಾ ಮಾಡು ಅಮ್ಮ. ಅವರಿಗೆ ಇನ್ನೂ ಎಷ್ಟು ಮನೆ ಉಂಟೋ ಏನೋ.”

ಅವಳಿಗೆ ಎಲ್ಲ ಗೊತ್ತಿತ್ತು. ತಮ್ಮನ ಎದುರು ಅಣ್ಣನ ಮರ್ಯಾದೆ ಉಳಿಸುತ್ತಿದ್ದಳು. ಫಾಝಿಲ್ ದಮ್ಮಾಮಿನ ಕಥೆ ಹೇಳಿದ, ರಶೀನಾಳ ಫೋಟೊ ತೋರಿಸಿದ. ಸಾತ್ವಿಕಾ ಅವನನ್ನು ಚುಡಾಯಿಸಿ ನಗಿಸಿದಳು. ಇಹ್ಸಾನ್ ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡ. ಒಂದು ಬಿರುನುಡಿಯನ್ನಾದರೂ ಆಡಬಾರದೇ ಇವಳು ಎನಿಸುತ್ತಿತ್ತು.

ಹೊರಡುವಾಗ ಫಾಝಿಲ್ ಕಾರು ತಿರುಗಿಸಲು ಹೋದ. ಇಹ್ಸಾನ್ ಮೆಟ್ಟಿಲ ಬಳಿ ನಿಂತುಬಿಟ್ಟ.

“ನನ್ನಿಂದ ತಪ್ಪಾಯಿತು” ಎಂದ. “ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ.”

“ಬಿಡಿ ಸರ್. ಒಂದು ಕಾರ್ಯಕ್ರಮ ಹೋದರೆ ಎಂತ? ನೀವು ಹೇಳದಿದ್ದರೆ ಬೇರೆ ಯಾರಾದರೂ ಆ ವಿಡಿಯೊ ತೋರಿಸ್ತಿದ್ದರು. ನಿಮ್ಮ ಕಷ್ಟ ನಿಮಗೆ. ಒತ್ತಾಯ ಮಾಡಿ ಕೇಳಿರಬೇಕು.”

“ಇಲ್ಲ. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾಗದ ಪ್ರಿಂಟ್ ಮಾಡುವ ಅಂತ ಆಗಿತ್ತು. ನಾನೇ, ಕೇಳದೆ, ತೋರಿಸಿದೆ.”

ಅವಳ ನಗು ಆಗ ಹೋಯಿತು. ಇಷ್ಟು ಹೊತ್ತು ಅವಳು ತನಗೊಂದು ಸಮಾಧಾನ ಹೇಳಿಕೊಂಡು ಅವನನ್ನು ಸಹಿಸಿದ್ದಳು. ಅದನ್ನೂ ಅವನು ಕಿತ್ತುಕೊಂಡಂತಾಗಿತ್ತು.

“ಅದನ್ನು ನನಗೆ ಹೇಳದಿದ್ದರೂ ಆಗ್ತಿತ್ತು ಸರ್” ಎಂದಳು. ಮತ್ತೆ ಪೈಪು ಎತ್ತಿಕೊಂಡು ಗಿಡಗಳ ಕಡೆಗೆ ಹೋದಳು. ಫಾಝಿಲ್ ಹಾರ್ನ್ ಹೊಡೆದು ಕೈಬೀಸಿದಾಗ ತಿರುಗಿ ಅವನಿಗೆ ಕೈಬೀಸಿದಳು.

ಪುಂಜಾಲಕಟ್ಟೆ ದಾಟುವವರೆಗೂ ಫಾಝಿಲ್ ಅವಳ ಬಗ್ಗೆಯೇ ಮಾತಾಡುತ್ತಿದ್ದ. “ಕಾಕ, ಅವರ ಅಮ್ಮ ಎಂತ ಹೇಳ್ಲಿಕ್ಕೆ ಹೊರಟದ್ದು? ನಿನ್ನ ಕಾಲೇಜಿನಲ್ಲಿ ಯಾರು ಅಂಥವರು?”

ಇಹ್ಸಾನ್ ಹೇಳಿದ. ಏನನ್ನೂ ಬಿಡಲಿಲ್ಲ, ಜ್ಯೋತ್ಸ್ನಾಳಿಗೆ ‘ಗೊತ್ತಿಲ್ಲ’ ಎಂದದ್ದನ್ನೂ ಹೇಳಿದ. ಫಾಝಿಲ್ ಕಾರನ್ನು ಬದಿಗೆ ನಿಲ್ಲಿಸಲಿಲ್ಲ, ಕೂಗಲಿಲ್ಲ. ಲಾರಿಯೊಂದರ ಹಿಂದೆ ನಿಧಾನವಾಗಿ ಹೋಗುತ್ತಿದ್ದ. ಬಂಟ್ವಾಳ ಹತ್ತಿರವಾದಾಗ ಮಾತಾಡಿದ.

“ಆ ದಿನ ಉಪ್ಪ ಸುಮ್ಮನಿರು ಅಂದರು. ನನಗೆ ಸಿಟ್ಟು ಬರಲಿಲ್ಲ. ಅವರು ಹೆದರಿದ್ದರು, ಮನೆಯಲ್ಲಿ ನಾವೆಲ್ಲ ಇದ್ದೆವು. ನೀನೂ ಸುಮ್ಮನಿದ್ದೆ. ಅದಕ್ಕೂ ಸಿಟ್ಟು ಬರಲಿಲ್ಲ.” ಗೇರು ಬದಲಿಸಿದ. “ಈ ಸಲವೂ ನೀನು ಸುಮ್ಮನೆ ಇದ್ದಿದ್ದರೆ ಸಾಕಿತ್ತಲ್ಲ ಕಾಕ.”

ಮನೆಗೆ ಬಂದ ಮೇಲೆ ಫಾಝಿಲ್ ತಾಯಿಗೆ ಏನೂ ಹೇಳಲಿಲ್ಲ. ಮದುವೆಯ ಕೆಲಸಕ್ಕೆ ಅಣ್ಣನನ್ನು ಕರೆಯುತ್ತಿದ್ದ, ಬೇಕಾದಷ್ಟೇ ಮಾತಾಡುತ್ತಿದ್ದ. ಹೊರಗಿನವರು ನೋಡಿದರೆ ಏನೂ ಆಗಿಲ್ಲವೆನ್ನಬೇಕು. ಮುರ್ಶಿದಾ ಮಾತ್ರ, “ನಿಮ್ಮಿಬ್ಬರಿಗೆ ಎಂತ ಆಗಿದೆ?” ಎಂದು ಕೇಳಿದಳು. ಇಹ್ಸಾನ್ ಅವಳಿಗೂ ಹೇಳಿದ. ಆ ದಿನವೆಲ್ಲ ಅವಳು ಅವನ ಮುಖ ನೋಡಲಿಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಜ್ಯೋತ್ಸ್ನಾಳ ಮೇಜಿನ ಮೇಲೆ ಆಮಂತ್ರಣ ಇಟ್ಟು ನಿಂತ. “ಆ ವಿಡಿಯೊದ ಹುಡುಗ ನನ್ನ ತಮ್ಮ, ಮೇಡಂ. ಅವನ ಮದುವೆ.”

ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದ ಕೈ ನಿಲ್ಲಿಸಿದಳು. “ಗೊತ್ತಿಲ್ಲ ಅಂದಿದ್ದಿರಲ್ಲ ಸರ್.”

“ಹೌದು. ಅಂದೆ.”

ಅವಳು ಆಮಂತ್ರಣವನ್ನು ತೆರೆದು ಓದತೊಡಗಿದಳು. ಅವನು ಅಲ್ಲಿಂದಲೇ ರಂಜಿತ್ ಅವರ ಕೋಣೆಗೆ ಹೋಗಿ, ತಾನು ಹೇಳಿದ್ದು ತಪ್ಪು, ಮುಂದಿನ ವರ್ಷವಾದರೂ ಅವರನ್ನು ಕರೆಯಬೇಕು ಎಂದ. ರಂಜಿತ್, “ಮುಗಿದ ವಿಷಯ ಈಗ ಯಾಕೆ ಸರ್? ತಾಯಿಯವರ ಮಂಡಿನೋವು ಹೇಗುಂಟು?” ಎಂದರು.

ಮದುವೆಯ ಔತಣ ಪಾಣೆಮಂಗಳೂರಿನ ಹಾಲ್‌ನಲ್ಲಿ. ಸಾತ್ವಿಕಾ ಬರುವುದಿಲ್ಲವೆಂದೇ ಇಹ್ಸಾನ್ ನಂಬಿದ್ದ. ಬರದಿರಲಿ ಎಂದೂ ಬಯಸಿದ್ದ. ಅವಳು ಬಂದಳು, ತಾಯಿಯನ್ನೂ ಜ್ಯೋತ್ಸ್ನಾಳನ್ನೂ ಕರೆದುಕೊಂಡು ಬಂದಳು. ಹೆಂಗಸರ ಕಡೆ ಗುಲ್ಲೆದ್ದಿತು, ಮಕ್ಕಳು ಸುತ್ತ ನೆರೆದವು. ಫಾಝಿಲ್ ಅವಳನ್ನು ತನ್ನ ತಾಯಿಯ ಬಳಿ ಕರೆದೊಯ್ದು ತಾಯಿಯ ಕಿವಿಯಲ್ಲಿ ಏನೋ ಹೇಳಿದ. ಜೈನಬಮ್ಮ ಊರುಗೋಲನ್ನು ಬದಿಗಿಟ್ಟು, ಅವಳ ಎರಡೂ ಕೈ ಹಿಡಿದು, ಬಹಳ ಹೊತ್ತು ಬಿಡಲಿಲ್ಲ.

ಇಹ್ಸಾನ್ ಅಡುಗೆಯವರ ಹಿಂದೆ ಬಾಗಿಲ ಬಳಿ ನಿಂತಿದ್ದ. ತಾಯಿ ಅವನನ್ನು ಕಂಡು ಕರೆದರು.

“ಇಹ್ಸಾನ್, ಅಲ್ಲಿ ಎಂತ ನಿಂತದ್ದು? ಬಾ. ಇವರಿಗೆ ನೀನೇ ಬಡಿಸು. ಬೇರೆಯವರು ಬೇಡ.”

ಫಾಝಿಲ್ ಮುಖ ತಿರುಗಿಸಿದ. ಇಹ್ಸಾನ್ ಬಿರಿಯಾನಿಯ ತಟ್ಟೆ ಹಿಡಿದು ಹೋದ. ಜ್ಯೋತ್ಸ್ನಾ, ಕಾಂತಿ, ಆಮೇಲೆ ಸಾತ್ವಿಕಾ. ಬಡಿಸುವಾಗ ಒಂದಿಷ್ಟು ಅನ್ನ ಮೇಜಿನ ಬಟ್ಟೆಯ ಮೇಲೆ ಬಿತ್ತು. ಅವನು ಬಗ್ಗಿ ಅದನ್ನು ಅಂಗೈಯಲ್ಲಿ ಬಳಿದುಕೊಂಡ.

“ಸ್ವಲ್ಪ ಸಾಕು ಸರ್” ಎಂದಳು ಸಾತ್ವಿಕಾ. ಮತ್ತೆ ಪಕ್ಕದಲ್ಲಿದ್ದ ಜೈನಬಮ್ಮನ ಕಡೆಗೆ ತಿರುಗಿ, ಮಂಡಿಗೆ ಯಾವ ಎಣ್ಣೆ ಹಚ್ಚುತ್ತೀರಿ ಎಂದು ಕೇಳತೊಡಗಿದಳು. ಇಹ್ಸಾನ್ ಅಂಗೈಯ ಅನ್ನವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ, ಅವಳ ತಟ್ಟೆ ಖಾಲಿಯಾಗುವುದನ್ನು ಕಾಯುತ್ತ ನಿಂತ.